ಲಂಡನ್ನಿನ ಏರು

ಲಂಡನ್ ಸಮತಟ್ಟಾದ ಊರು, ಬಾಡಿಗೆ ಸೈಕಲ್ ಹಿಡಿದು ಆರಾಮಾಗಿ ಸುತ್ತಬಹುದು ಎಂದು ಪತ್ರಿಕೆಯೊಂದರ ಪ್ರವಾಸ ಪುರವಣಿಯಲ್ಲಿ ಓದಿದೆ. ಆ ಮಾತು ಇನ್ನೂ ಕಿರಿಕಿರಿ ಮಾಡುತ್ತಿದೆ. ಬರೆದವರು ಸೈಕಲ್ ಹತ್ತಿರಲಿಕ್ಕಿಲ್ಲ. ಹತ್ತಿದ್ದರೂ ಹೈಡ್ ಪಾರ್ಕಿನಾಚೆ ಹೋಗಿರಲಿಕ್ಕಿಲ್ಲ. 2010ರಲ್ಲಿ ಅಲ್ಲಿ ಬೀದಿಗಿಳಿದ ಬಾಡಿಗೆ ಸೈಕಲ್ಲಿನ ತೂಕವೇ ಸುಮಾರು 23 ಕಿಲೊ, ಗೇರು ಮೂರೇ ಮೂರು. ಅದನ್ನು ಕಿಂಗ್ಸ್ ಕ್ರಾಸಿನಿಂದ ಹ್ಯಾಂಪ್‌ಸ್ಟೆಡ್ ಕಡೆಗೆ ತುಳಿದು ನೋಡಲಿ, ಆಮೇಲೆ ಬರೆಯಲಿ.

ರಾಜಕಾಲುವೆಗಳ ಬಗ್ಗೆ ಇದೇ ಜಾಗದಲ್ಲಿ ನಾನು ಕೊರೆದದ್ದನ್ನು ಸಹಿಸಿಕೊಂಡವರಿಗೆ ಮುಂದೇನು ಬರುತ್ತದೆಂದು ಗೊತ್ತು. ಹೌದು, ಆ ಏರಿನಡಿ ಹೂತುಹೋದ ನದಿ. ಫ್ಲೀಟ್ ಹುಟ್ಟುವುದು ಹ್ಯಾಂಪ್‌ಸ್ಟೆಡ್ ಹೀತಿನ ಕೊಳಗಳ ಬಳಿ. ಅಲ್ಲಿಂದ ನೆಲದೊಳಗೆ ಇಳಿದು, ಚರಂಡಿಯಾಗಿ, ಕಿಂಗ್ಸ್ ಕ್ರಾಸ್, ಫ್ಯಾರಿಂಗ್ಡನ್ ದಾಟಿ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಹತ್ತಿರ ಥೇಮ್ಸ್ ದಡ ಮುಟ್ಟುತ್ತದೆ. ಕ್ಲರ್ಕನ್‌ವೆಲ್ಲಿನ ರೇ ಸ್ಟ್ರೀಟಿನಲ್ಲಿ, ಒಂದು ಪಬ್ಬಿನ ಮುಂದೆ, ರಸ್ತೆಯಲ್ಲೇ ಕಬ್ಬಿಣದ ಜಾಲರಿಯಿದೆ. ಸೈಕಲ್ ಒರಗಿಸಿ ಬಗ್ಗಿ ಕಿವಿಗೊಟ್ಟರೆ ಕೆಳಗೆ ನೀರು ಹರಿಯುವ ಸದ್ದು. ಹಿಂದೆ ಬಂದ ಟ್ಯಾಕ್ಸಿಯವನು ಹಾರನ್ ಹೊಡೆಯುತ್ತಾನೆ, ಹೊಡೆಯಲಿ. ವೆಸ್ಟ್‌ಬೋರ್ನ್ ಎಂಬ ಇನ್ನೊಂದು ನದಿ ಸ್ಲೋನ್ ಸ್ಕ್ವೇರ್ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಮ್ಮಿನ ನೆತ್ತಿಯ ಮೇಲೆ ದಪ್ಪ ಕಬ್ಬಿಣದ ಕೊಳವೆಯಲ್ಲಿ ಹಾದುಹೋಗುತ್ತದೆ. ರೈಲಿಗೆ ಕಾಯುವವರು ಫೋನಿನಿಂದ ಕಣ್ಣೆತ್ತಿದರೆ ತಾನೇ.

ಸತ್ತ ನದಿಯ ಜಾಗಕ್ಕೆ ವಾರಸುದಾರರು ಮಾತ್ರ ಬಹಳ. 1863ರಲ್ಲಿ ಓಡಿದ ಜಗತ್ತಿನ ಮೊದಲ ನೆಲದಡಿಯ ರೈಲು ಫ್ಯಾರಿಂಗ್ಡನ್ನಿಗೆ ಬಂದದ್ದು ಫ್ಲೀಟ್ ಕಣಿವೆಯಲ್ಲೇ. ಹಿಂದಿನ ವರ್ಷ ಫ್ಲೀಟ್ ಒಡೆದು ಕಾಮಗಾರಿಯೊಳಗೆ ನುಗ್ಗಿತ್ತು. 1858ರ ಬೇಸಗೆಯಲ್ಲಿ ಥೇಮ್ಸ್ ನಾರಿ, ಪಾರ್ಲಿಮೆಂಟಿನವರೇ ಮೂಗು ಮುಚ್ಚಿಕೊಂಡ ಮೇಲೆ, ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ಊರಿನುದ್ದಕ್ಕೂ ದೊಡ್ಡ ಚರಂಡಿಗಳನ್ನು ಕಟ್ಟಿಸಿದ. ಒಂದು, 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಹೊಟ್ಟೆಯಲ್ಲಿದೆ. ಈಗಿನ ಸೈಕಲ್ ದಾರಿಗಳನ್ನು ಈ ನದಿ, ಚರಂಡಿಗಳ ಮೇಲಿಟ್ಟು ನೋಡಿ. ಪೂರ್ವ-ಪಶ್ಚಿಮದ್ದು ಈ ಎಂಬ್ಯಾಂಕ್‌ಮೆಂಟಿನ ಮೇಲೆ. ಉತ್ತರ-ದಕ್ಷಿಣದ್ದು ಬ್ಲ್ಯಾಕ್‌ಫ್ರೈಯರ್ಸ್‌ನಿಂದ ಕಿಂಗ್ಸ್ ಕ್ರಾಸ್ ಕಡೆಗೆ ಫ್ಲೀಟ್ ಕಣಿವೆ ಹಿಡಿದು. ಪೂರ್ವ ಲಂಡನ್ನಿನ ಗ್ರೀನ್‌ವೇ ಅಂತೂ ನೇರ ಚರಂಡಿಯ ಬೆನ್ನ ಮೇಲೆಯೇ. ನೀರು ತಾನಾಗಿ ಹರಿಯಲೆಂದು ಬ್ಯಾಜಲ್‌ಗೆಟ್ ಕೊಟ್ಟ ಇಳಿಜಾರು ಮೈಲಿಗೆ ಎರಡಡಿಯ ಲೆಕ್ಕದ್ದು. ತುಳಿಯುವ ಕಾಲಿಗೂ ಅದೇ ಹಿತ.

ಇಷ್ಟು ದೂರ ಬಂದಮೇಲೆ ನದಿಯ ಚಿಂತೆ ಬಿಟ್ಟು ಬೇರೆ ಚಿಂತೆ ಹತ್ತಿತು. ಊರಿನ ಏರು ಎಲ್ಲಿ ಹೋಯಿತು? ಹೋಬರ್ನಿನಲ್ಲಿ ಗಾಡಿ ಕುದುರೆಗಳು ಫ್ಲೀಟ್ ಕಣಿವೆಗೆ ಇಳಿದು, ಏದುಸಿರು ಬಿಡುತ್ತ ಆಚೆ ಏರಬೇಕಿತ್ತು. 1869ರಲ್ಲಿ ಕಣಿವೆಯ ಮೇಲೆ ಹೋಬರ್ನ್ ವಯಡಕ್ಟ್ ಎಂಬ ಸೇತುವೆ ತೆರೆದರು. ಅದರ ಮೇಲೆ ಬಸ್ಸಿನಲ್ಲಿ ಹೋಗುವವರಿಗೆ ಕಣಿವೆ ಇದೆಯೆಂಬುದೇ ತಿಳಿಯದು. ಹ್ಯಾಂಪ್‌ಸ್ಟೆಡ್ ಸ್ಟೇಷನ್ ಟ್ಯೂಬ್ ಎಂಬ ನೆಲದಡಿಯ ರೈಲಿನಲ್ಲೇ ಅತಿ ಆಳದ್ದು, ಸುಮಾರು 58 ಮೀಟರ್, ಮೇಲಿರುವುದು ಗುಡ್ಡವಲ್ಲವೇ. ಆ ಗುಡ್ಡವನ್ನು ಲಿಫ್ಟು ನುಂಗಿಬಿಡುತ್ತದೆ. 1933ರಲ್ಲಿ ಜನರ ಕೈಗೆ ಬಂದ ಹ್ಯಾರಿ ಬೆಕ್‌ನ ಟ್ಯೂಬ್ ನಕ್ಷೆಯಲ್ಲಿ ಉಬ್ಬು-ತಗ್ಗಿನ ಸುಳಿವೇ ಇಲ್ಲ, ಥೇಮ್ಸ್ ಒಂದು ಉಳಿದಿತ್ತು. 2009ರಲ್ಲಿ ಅದನ್ನೂ ಅಳಿಸಿದರು. ಗಲಾಟೆಯಾಗಿ ವಾಪಸ್ ಬಂತು. ಏರು ಅಳಿಸಿದ್ದಕ್ಕೆ ಯಾರೂ ಗಲಾಟೆ ಮಾಡಲಿಲ್ಲ. ಏರಿನ ಬೆಲೆ ತೆರುತ್ತಿದ್ದದ್ದು ಕುದುರೆ, ಆಮೇಲೆ ಸೈಕಲ್ಲಿನವರು.

2022ರಿಂದ ಬಾಡಿಗೆ ಸೈಕಲ್ಲುಗಳಲ್ಲೂ ಬ್ಯಾಟರಿಯವು ಬಂದಿವೆ. ಅಲ್ಲಿರುವ ನಮ್ಮ ಹುಡುಗರೆಲ್ಲ "ಅದನ್ನೇ ತಗೊಳ್ಳಿ ಸಾರ್" ಅನ್ನುತ್ತಾರೆ. ಮಂಡಿ ಹಿಡಿದುಕೊಂಡ ದಿನ ನಾನೂ ತೆಗೆದುಕೊಂಡೆ, ಸುಖವಾಗಿಯೇ ಇತ್ತು, ಕ್ಯಾಮ್‌ಡನ್ ದಾಟಿದ್ದೇ ಗೊತ್ತಾಗಲಿಲ್ಲ. ಇನ್ನು ಸೈಕಲ್ ನಕ್ಷೆ ಮಾಡುವವರೂ ಏರು ಗುರುತಿಸುವ ಗೋಜಿಗೆ ಹೋಗಲಾರರು.