ಹಕ್ಕು ಹಾಗೇ ಇದೆ, ತಾರೀಖು ಬದಲಾಗಿದೆ

ಸಾಫ್ಟ್‌ವೇರ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ಕೋಡ್ ಮುಟ್ಟೋದೇ ಬೇಡ, ಸೆಟ್ಟಿಂಗ್ಸ್‌ನಲ್ಲಿ ಒಂದು ಅಂಕಿ ಬದಲಾಯಿಸಿದ್ರೆ ಸಾಕು, ನಿನ್ನೆ ಲಾಗಿನ್ ಆಗ್ತಿದ್ದವರು ಇವತ್ತು ಹೊರಗೆ. ಚುನಾವಣಾ ಕಾನೂನಿನಲ್ಲೂ ಹೀಗಾಗುತ್ತೆ ಅನ್ನೋದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯ ಒಳ್ಳೆ ಉದಾಹರಣೆ.

ನಮ್ಮಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಂದೇ ಚುನಾವಣಾ ಆಯೋಗ. ಅಲ್ಲಿ ಹಾಗಲ್ಲ. ನೋಂದಣಿಯಿಂದ ಎಣಿಕೆಯವರೆಗೆ ಬಹುಪಾಲು ನಿಯಮ ಆಯಾ ರಾಜ್ಯದ್ದು. ನಾರ್ತ್ ಡಕೋಟಾದಲ್ಲಂತೂ ಮತದಾರರ ನೋಂದಣಿಯೇ ಇಲ್ಲ!

2020ರಲ್ಲಿ ಜಾರ್ಜಿಯಾವನ್ನು ಜೋ ಬೈಡನ್ ಗೆದ್ದಿದ್ದು ಬರೀ 11,779 ಮತಗಳಿಂದ. ಮರುವರ್ಷ ಮಾರ್ಚ್ 25ರಂದು ಗವರ್ನರ್ ಬ್ರಯಾನ್ ಕೆಂಪ್ 'ಎಸ್‌ಬಿ 202' ಎಂಬ ಹೊಸ ಕಾನೂನಿಗೆ ಸಹಿ ಹಾಕಿದರು. ಅಂಚೆ ಮತಕ್ಕೆ ಗುರುತಿನ ದಾಖಲೆ ಕಡ್ಡಾಯವಾಯಿತು. ಮತಪತ್ರ ಹಾಕುವ ಪೆಟ್ಟಿಗೆಗಳಿಗೆ ಮಿತಿ ಬಂತು. ಮತಗಟ್ಟೆಯ ಕ್ಯೂನಲ್ಲಿ ನಿಂತವರಿಗೆ ಹೊರಗಿನವರು ನೀರು, ತಿಂಡಿ ಹಂಚೋ ಹಾಗಿಲ್ಲ ಅಂದಿದ್ದೇ ದೊಡ್ಡ ಸುದ್ದಿಯಾಯಿತು.

ಆದರೆ ನನ್ನ ಕಣ್ಣಿಗೆ ಬಿದ್ದಿದ್ದು ಅಷ್ಟೇನೂ ಸದ್ದು ಮಾಡದ ಇನ್ನೊಂದು ಬದಲಾವಣೆ. ಜಾರ್ಜಿಯಾದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲಿಬ್ಬರ ನಡುವೆ ಎರಡನೇ ಸುತ್ತು. ಹಿಂದೆ ಆ ಸುತ್ತಿಗೆ ಒಂಬತ್ತು ವಾರ ಸಮಯವಿತ್ತು. 2020ರ ನವೆಂಬರ್ 3ಕ್ಕೆ ಚುನಾವಣೆ, ಎರಡನೇ ಸುತ್ತು ಜನವರಿ 5ಕ್ಕೆ. ಮೊದಲ ಸುತ್ತು ತಪ್ಪಿಸಿಕೊಂಡವರೂ ಡಿಸೆಂಬರ್ 7ರವರೆಗೆ ಹೆಸರು ಸೇರಿಸಬಹುದಿತ್ತು. ಹೊಸ ಕಾನೂನು ಒಂಬತ್ತನ್ನು ನಾಲ್ಕು ವಾರ ಮಾಡಿತು. 2022ರಲ್ಲಿ ಮೊದಲ ಸುತ್ತು ನವೆಂಬರ್ 8ಕ್ಕೆ, ಎರಡನೆಯದು ಡಿಸೆಂಬರ್ 6ಕ್ಕೆ. ಅದಕ್ಕೆ ಹೆಸರು ಸೇರಿಸಲು ಕೊನೆ ದಿನ ಯಾವುದು ಗೊತ್ತಾ? ನವೆಂಬರ್ 7. ಅಂದ್ರೆ ಎರಡನೇ ಸುತ್ತು ಬೇಕಾಗುತ್ತೋ ಇಲ್ವೋ ಗೊತ್ತಾಗೋ ಮೊದಲೇ ಬಾಗಿಲು ಬಂದ್!

ಪರವಾಗಿರುವವರ ವಾದವನ್ನೂ ಹೇಳಬೇಕು. ಒಂಬತ್ತು ವಾರ ಎಳೆಯೋದು ಎಲ್ಲರಿಗೂ ಸುಸ್ತು ಅಂದರು. 2022ರಲ್ಲಿ ಮುಂಗಡ ಮತದಾನ ದಾಖಲೆ ಮಟ್ಟಕ್ಕೆ ಹೋಗಿದ್ದನ್ನೂ ತೋರಿಸಿದರು. ಅದೂ ನಿಜವೇ. ಆದರೂ ಬಂದವರನ್ನು ಎಣಿಸಬಹುದು, ಕೊನೆ ದಿನ ಮುಗಿದುಹೋಗಿ ಬರಲಾಗದವರನ್ನು ಎಣಿಸೋದು ಕಷ್ಟ.

ತಾರೀಖು ಬಾಗಿಲು ತೆರೆಯಲೂಬಹುದು. ಮೊದಲು ನಮ್ಮಲ್ಲಿ ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಜನವರಿ 2ಕ್ಕೆ ಹುಟ್ಟಿದವರು ಪಟ್ಟಿ ಸೇರಲು ಸುಮಾರು ಒಂದು ವರ್ಷ ಕಾಯಬೇಕಿತ್ತು. 2021ರ ತಿದ್ದುಪಡಿಯಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳಾದವು. ಈಗ ಅವರು ಕಾಯಬೇಕಾದ್ದು ಮೂರೇ ತಿಂಗಳು.

ನಾನು ಬೆಂಗಳೂರಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದೀನಿ, ನನ್ನ ಹೆಸರು ಮಾತ್ರ ಇನ್ನೂ ಊರಿನ ಪಟ್ಟಿಯಲ್ಲೇ ಇದೆ. ಹೊಸಬರಿಗೆ ನಮೂನೆ 6, ವಿಳಾಸ ಬದಲಾದವರಿಗೆ ನಮೂನೆ 8, ಎರಡನ್ನೂ ಫೋನ್‌ನಲ್ಲೇ ತುಂಬಬಹುದು. ಚುನಾವಣೆ ಘೋಷಣೆ ಆಗಲಿ ಅಂತ ಕಾಯೋದು ಬೇಡ. ಈ ಭಾನುವಾರ ನಾನಂತೂ ತುಂಬ್ತೀನಿ. ನೀವೂ ನಿಮ್ಮ ಹೆಸರು ಎಲ್ಲಿದೆ ಅಂತ ಒಮ್ಮೆ ನೋಡಿಬಿಡಿ.