ಮರಳಿನ ಮೇಲೆ ಗಾಳಿಯ ಲೆಕ್ಕ

ಆಸ್ಟ್ರೇಲಿಯದ ಫ್ರೇಸರ್ ದ್ವೀಪವು ಜಗತ್ತಿನ ಅತಿ ದೊಡ್ಡ ಮರಳು ದ್ವೀಪ. 2023ರಿಂದ ಅದರ ಅಧಿಕೃತ ಹೆಸರು ‘ಗರಿ’. ಅದರ ಕಡಲತೀರದಲ್ಲಿ ಡೇರೆ ಹೂಡುವವರಿಗೆ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವಾಹನ ಬೇಕೇ ಬೇಕು. ಆದರೆ ಎಂಜಿನಿನ ಬಲವೊಂದನ್ನೇ ನೆಚ್ಚುವುದು ಅವಿವೇಕವೆಂದು ನಾವು ಭಾವಿಸುತ್ತೇವೆ. ಟೈರಿನೊಳಗಿನ ಗಾಳಿಯ ಒತ್ತಡವನ್ನು ಚದರ ಅಂಗುಲಕ್ಕೆ 35 ಪೌಂಡಿನಿಂದ ಸುಮಾರು 20ಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗುತ್ತದೆ. ಅದೇ ಭಾರವು ಹೆಚ್ಚಿನ ವಿಸ್ತೀರ್ಣಕ್ಕೆ ಹಂಚಿಹೋಗಿ ಚಕ್ರವು ಹೂಳುವುದು ತಪ್ಪುತ್ತದೆ. ಒಂಟೆಯ ಅಗಲವಾದ ಪಾದದ ಗುಟ್ಟೂ ಇದೇ. ಆದುದರಿಂದ ಉಳಿದ ಸಾಮಾನನ್ನು ಮಿತಗೊಳಿಸಿ, ಒತ್ತಡಮಾಪಕ, ಗಾಳಿಯ ಪಂಪು, ಸಲಿಕೆ, ಕುಡಿಯುವ ನೀರು, ಉಬ್ಬರವಿಳಿತದ ವೇಳಾಪಟ್ಟಿ ಇವಕ್ಕೆ ಮೊದಲ ಸ್ಥಾನ ಕೊಡಬೇಕು. ಗಟ್ಟಿ ರಸ್ತೆಗೆ ಹಿಂದಿರುಗಿದೊಡನೆ ಗಾಳಿ ತುಂಬದಿದ್ದರೆ ಟೈರು ಕಾದು ಸಿಡಿದೀತು. ಮರಳಿನಲ್ಲಿ ಹೂತ ವಾಹನವನ್ನು ಬಿಡಿಸುವವರೆಗೆ ಉಬ್ಬರವಂತೂ ಕಾಯುವುದಿಲ್ಲ.