ಅಂತರಗಂಗೆ ಅಲ್ಲ, ಆವಣಿ

2020ರ ಲಾಕ್‌ಡೌನ್‌ನಲ್ಲಿ ನಾವು ಹ್ಯಾಮ್‌ಗಳು "ಇದು ಮುಗಿದ ಮೇಲೆ ಯಾವ ಬೆಟ್ಟ?" ಅಂತ ರೇಡಿಯೋದಲ್ಲೇ ಹರಟುತ್ತಿದ್ದೆವು. ಕೋಲಾರದವರು ಅಂತರಗಂಗೆ ಅಂತಿದ್ದರು, ಮಾಲೂರಿನವರು ಟೇಕಲ್. ನನ್ನ ಓಟು ಆಗಲೂ ಈಗಲೂ ಮುಳಬಾಗಿಲಿನ ಆವಣಿಗೇ.

2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ 'ಸಮಿಟ್ಸ್ ಆನ್ ದಿ ಏರ್' ಆಟದಲ್ಲಿ ತುದಿಗೆ ನಡೆದು ಹೋಗಿ ನಾಲ್ಕು ಸ್ಟೇಷನ್‌ ಜೊತೆ ಮಾತಾಡಿದರೆ ಅಂಕ. ಎರಡು ಮೀಟರ್ ಬ್ಯಾಂಡಿನ ಅಲೆ ಹೆಚ್ಚುಕಡಿಮೆ ಕಣ್ಣು ಹಾಯುವಷ್ಟೇ ದೂರ ಹೋಗೋದು. ಹಾಗಾಗಿ ಸುತ್ತ ಬಯಲಿರುವ ಬಂಡೆಬೆಟ್ಟವೇ ವಾಸಿ. ಅಂತರಗಂಗೆಯ ಕೋತಿಗಳು ಬ್ಯಾಗಿಗೇ ಕೈ ಹಾಕುತ್ತವೆ, ಇನ್ನು ಆಂಟೆನಾ ಬಿಡ್ತಾವಾ? :)

ಆದರೆ ಒಂದು ಮಾತು... ಆವಣಿಯ ಮೇಲೆ ಸೀತಮ್ಮನ ಗುಡಿಯಿದೆ. ಅದರ ಕಂಬಕ್ಕೆ ವೈರ್ ಕಟ್ಟಬೇಡಿ. ಮಕ್ಕಳಾಗಲೆಂದು ಹರಕೆ ಹೊತ್ತು ಹತ್ತಿ ಬಂದ ಹೆಂಗಸರ ಪಕ್ಕ ನಿಂತು ಕಾಲ್‌ಸೈನ್ ಕೂಗುವುದೂ ಬೇಡ. ದೂರದ ಬಂಡೆಯ ಮೇಲೊಂದು ಬಿದಿರುಕೋಲು ನಿಲ್ಲಿಸಿದರೆ ಸಾಕು.

ಬರುವವರು ಹೇಳಿ, ಮುದ್ದೆ ಊಟ ನನ್ನ ಕಡೆಯಿಂದ.